ಹೊಲವನ್ನು ಸೋಲಾರ್‌ಗೆ ಗುತ್ತಿಗೆ ಕೊಡಬಹುದಾ? ಪಾವಗಡದ ಅನುಭವ ಇದ್ದವರು ಹೇಳಿ

ನಿಡಗಲ್ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಪಾವಗಡ ತಾಲ್ಲೂಕು, ನಿಡಗಲ್ ಹೋಬಳಿ. ಅಪ್ಪನ ಹೆಸರಲ್ಲಿ ಎಂಟು ಎಕರೆ ಖುಷ್ಕಿ ಜಮೀನಿದೆ. ಮಳೆ ಬಂದರೆ ಕಡಲೆಕಾಯಿ, ತೊಗರಿ. ಬಾರದಿದ್ದರೆ ಬಿತ್ತಿದ ಬೀಜವೂ ವಾಪಸ್ ಬರುವುದಿಲ್ಲ. ಸೋಲಾರ್ ಪಾರ್ಕ್ ವಿಸ್ತರಣೆಯ ಮಾತು ಎದ್ದಾಗಿನಿಂದ ಊರಲ್ಲಿ ಬೇರೆ ಮಾತೇ ಇಲ್ಲ. ಅಪ್ಪ ಕೊಟ್ಟುಬಿಡೋಣ ಅಂತಾರೆ. ಅಮ್ಮ ಸುತರಾಂ ಒಪ್ಪುತ್ತಿಲ್ಲ. ಕಲ್ಲಿದ್ದಲು ಸುಡುವುದು ಕಡಿಮೆ ಆಗಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅದಕ್ಕೆ ಹೊಲಕ್ಕೆ ಹೊಲವೇ ಕೊಡಬೇಕಾ? ತಾಲ್ಲೂಕಿನಲ್ಲಿ ಬೇರೆ ದಾರಿ ಏನಾದರೂ ಇದೆಯಾ? ಸುಮ್ನೆ ಪರ-ವಿರೋಧ ಬೇಡ, ಕಂಡಿದ್ದು ಹೇಳಿ.

ತಿರುಮಣಿಯವನು:
ನಾವು ಮೊದಲ ಹಂತದಲ್ಲೇ ಕೊಟ್ಟವರು. ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಇಲ್ಲಿ ಆಗಿದ್ದು ಭೂಸ್ವಾಧೀನ ಅಲ್ಲ, ಗುತ್ತಿಗೆ. ಜಮೀನು ಇವತ್ತಿಗೂ ನಮ್ಮದೇ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಶುರುವಾಯಿತು. ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರುತ್ತದೆ. ಅವಧಿ 28 ವರ್ಷ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆ ಹೀಗೆ ಹೋಗಿದೆ. ಕೊಟ್ಟವರು ಹೆಚ್ಚುಕಡಿಮೆ 2,300 ರೈತರು.

ಹೊರಗಿನವರು ಬಂದು "ಅಯ್ಯೋ, ಭೂಮಿ ತಾಯಿಯನ್ನ ಕೊಟ್ಟುಬಿಟ್ರಾ" ಅಂತಾರೆ. ನಾವು ಕೊರೆಸಿದ ಬೋರ್‌ಗಳಲ್ಲಿ ಧೂಳು ಬಂದಿದ್ದನ್ನು ಅವರು ನೋಡಿಲ್ಲ. ನೀರು ಸಿಕ್ಕಿದರೂ ಅದರಲ್ಲಿ ಫ್ಲೋರೈಡ್. ನಮ್ಮ ತಂದೆ ಬೀಜಕ್ಕೆ, ಗೊಬ್ಬರಕ್ಕೆ ಸಾಲ ಮಾಡಿ, ಮಳೆ ಕೈಕೊಟ್ಟ ಮೇಲೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ಈಗ ಸಾಲ ತೀರಿದೆ. ತಂಗಿ ನರ್ಸಿಂಗ್ ಓದಿದಳು. ಮಳೆ ಬರಲಿ ಬಿಡಲಿ, ಖಾತೆಗೆ ದುಡ್ಡು ಬೀಳುತ್ತದೆ. ಈ ನೆಮ್ಮದಿ ಏನು ಅಂತ ಬರ ಕಂಡವರಿಗೆ ಮಾತ್ರ ಗೊತ್ತು.

ಹೊಂಗೆಮರ:
ಅಣ್ಣಾ, ನೀವು ಹೇಳಿದ್ದು ಸುಳ್ಳಲ್ಲ. ಆದರೆ ಅದು ಪಹಣಿಯಲ್ಲಿ ಹೆಸರು ಇದ್ದವರ ಮಾತು. ನಾನು ಇದೇ ತಾಲ್ಲೂಕಿನ ಸ್ತ್ರೀಶಕ್ತಿ ಸಂಘಗಳ ಜೊತೆ ಓಡಾಡುವವಳು. ಹೆಸರು ಇಲ್ಲದವರ ಮಾತನ್ನೂ ಕೇಳಿ.

ಕಡಲೆಕಾಯಿ ಕಾಲದಲ್ಲಿ ಹೆಂಗಸರಿಗೆ ಎಷ್ಟು ಕೆಲಸ ಇರುತ್ತಿತ್ತು ನೆನಪು ಮಾಡಿಕೊಳ್ಳಿ. ಕಳೆ ಕೀಳುವುದು, ಗಿಡ ಕಿತ್ತು ಗುಡ್ಡೆ ಹಾಕುವುದು, ಆಮೇಲೆ ಮರದ ನೆರಳಲ್ಲಿ ಗುಂಪಾಗಿ ಕೂತು ಕಾಯಿ ಬಿಡಿಸುವುದು. ಅಳತೆ ಲೆಕ್ಕದಲ್ಲಿ ಕೂಲಿ. ಸಂಜೆ ಹೋಗುವಾಗ ಒಂದು ಹೊರೆ ಬಳ್ಳಿ, ಮನೆಯ ಹಸುವಿಗೆ. ಆ ಹಸುವಿನ ಹಾಲು ಡೈರಿಗೆ. ಹೊಲ ಹೋದಾಗ ಕೂಲಿಯೂ ಹೋಯಿತು, ಮೇವೂ ಹೋಯಿತು, ಡೈರಿ ದುಡ್ಡೂ ಹೋಯಿತು. ಗುತ್ತಿಗೆ ಹಣ ಬಂದಿದ್ದು ಜಮೀನಿನ ಯಜಮಾನರಿಗೆ. ಈ ಹೆಂಗಸರಿಗೆ ಒಂದು ರೂಪಾಯಿಯೂ ಇಲ್ಲ.

ಪಾರ್ಕ್‌ನಲ್ಲಿ ಕೆಲಸ ಸಿಗುತ್ತದೆ ಅಂದರು. ಸಿಕ್ಕಿದ್ದು ಹುಲ್ಲು ಕೊಯ್ಯುವುದು, ಪ್ಯಾನೆಲ್ ತೊಳೆಯುವುದು, ಕಾವಲು. ಅದೂ ಗುತ್ತಿಗೆದಾರನ ಕೈಯಲ್ಲಿ. ಕಟ್ಟುವಾಗ ಸಾವಿರಾರು ಜನ ಬೇಕು, ಕಟ್ಟಿ ಮುಗಿದ ಮೇಲೆ ಕೆಲವೇ ಜನ ಸಾಕು. ಪ್ಯಾನೆಲ್‌ಗಳ ಕೆಲಸವೇ ಹಾಗೆ. ಬಗರ್ ಹುಕುಂನಲ್ಲಿ, ಅಂದರೆ ಮಂಜೂರಾಗದ ಸರ್ಕಾರಿ ಜಮೀನಿನಲ್ಲಿ, ಉಳುತ್ತಿದ್ದವರ ಗತಿ ಇನ್ನೂ ಕಷ್ಟ. ತಲೆಮಾರುಗಳಿಂದ ಉತ್ತಿದ್ದರೂ ಕಾಗದ ಇಲ್ಲದಿದ್ದರೆ ಗುತ್ತಿಗೆ ಯಾರಿಗೆ ಕೊಡುತ್ತಾರೆ?

ಲೆಕ್ಕದ ಮೇಷ್ಟ್ರು:
ಎರಡು ಲೆಕ್ಕ ಹೇಳುತ್ತೇನೆ.

ಒಂದು, ಹೊಗೆಯ ಲೆಕ್ಕ. ಪಾವಗಡ ಪಾರ್ಕ್‌ನ ಸಾಮರ್ಥ್ಯ 2,050 ಮೆಗಾವ್ಯಾಟ್. ನಮ್ಮ ಬಿಸಿಲಿಗೆ ಒಂದು ಮೆಗಾವ್ಯಾಟ್‌ಗೆ ವರ್ಷಕ್ಕೆ 16 ಲಕ್ಷ ಯೂನಿಟ್ ಅಂತ ಕೈಬಿಗಿಹಿಡಿದು ಲೆಕ್ಕ ಹಾಕಿದರೂ 320 ಕೋಟಿ ಯೂನಿಟ್ ದಾಟುತ್ತದೆ. ಅದೇ ಕರೆಂಟನ್ನು ರಾಯಚೂರು, ಬಳ್ಳಾರಿಯಲ್ಲಿ ಕಲ್ಲಿದ್ದಲಿನಿಂದ ತೆಗೆದರೆ ಯೂನಿಟ್‌ಗೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಅಂದರೆ ವರ್ಷಕ್ಕೆ 30 ಲಕ್ಷ ಟನ್‌ಗೂ ಮೇಲೆ. ಇದು ಸಣ್ಣ ಸಾಧನೆ ಅಲ್ಲ. ಬರದ ತಾಲ್ಲೂಕೊಂದು ರಾಜ್ಯಕ್ಕೆ ಮಾಡಿದ ಉಪಕಾರ ಇದು.

ಎರಡು, ದುಡ್ಡಿನ ಲೆಕ್ಕ. ಎರಡು ವರ್ಷಕ್ಕೆ ಶೇಕಡಾ 5 ಅಂದರೆ ವರ್ಷಕ್ಕೆ ಎರಡೂವರೆ. ಹತ್ತು ವರ್ಷವಾದ ಮೇಲೆ 21,000 ಹೋಗಿ 26,800 ಆಗುತ್ತದೆ. ಅಷ್ಟರಲ್ಲಿ ಅಕ್ಕಿ, ಬೇಳೆ, ಆಸ್ಪತ್ರೆ ಖರ್ಚು ಎಷ್ಟು ಏರಿತು ಅಂತ ಮನೆಯಲ್ಲೇ ಕೇಳಿ. ಹೊಸದಾಗಿ ಸಹಿ ಹಾಕುವವರು ಈ ಏರಿಕೆಯ ಮೇಲೆ ಚೌಕಾಶಿ ಮಾಡಲೇಬೇಕು. ಮೊದಲ ವರ್ಷದ ಮೊತ್ತ ಎಷ್ಟು ಅನ್ನುವುದಕ್ಕಿಂತ ಇದು ಮುಖ್ಯ.

ತಿರುಮಣಿಯವನು:
ಮೇಷ್ಟ್ರೇ, ಏರಿಕೆ ವಿಷಯ ನೂರಕ್ಕೆ ನೂರು ನಿಜ. ನಮಗೆ ಆಗ ಹೇಳುವವರು ಇರಲಿಲ್ಲ.

ಕುರಿಹಟ್ಟಿ:
ಹೊಲದ ವಿಷಯ ಎಲ್ಲರೂ ಮಾತಾಡಿದಿರಿ. ಕುರಿ ವಿಷಯ ಯಾರೂ ಎತ್ತಲಿಲ್ಲ. ಕೊಯ್ಲು ಆದ ಹೊಲಗಳಲ್ಲಿ ನಾವು ಕುರಿ ಮೇಯಿಸುತ್ತಿದ್ದೆವು. ರಾತ್ರಿ ಅಲ್ಲೇ ಮಂದೆ ಹಾಕಿದರೆ ಹೊಲಕ್ಕೆ ಗೊಬ್ಬರ, ನಮಗೆ ಕಾಳು. ಈಗ ಕಣ್ಣು ಹಾಯಿಸಿದಷ್ಟು ದೂರ ತಂತಿ ಬೇಲಿ. ಕೆರೆಗೆ ಹೋಗುವ ಬಂಡಿದಾರಿಗೂ ಬೇಲಿ ಬಿದ್ದರೆ ಸುತ್ತು ಹಾಕಿಕೊಂಡು ಹೋಗಬೇಕು. ಬಿಸಿಲಲ್ಲಿ ಮರಿಗಳು ಅಷ್ಟು ನಡೆಯುವುದಿಲ್ಲ. ನಮ್ಮಲ್ಲಿ ಎಷ್ಟೋ ಜನ ಮಂದೆ ಮಾರಿದರು.

ಬೇಲಿಯೊಳಗೆ ಪ್ಯಾನೆಲ್ ಕೆಳಗೆ ಹುಲ್ಲು ಬೆಳೆದು ನಿಂತಿರುತ್ತದೆ. ಅದನ್ನು ಆಳಿಟ್ಟು, ಮೆಷಿನ್ನಿಟ್ಟು ಕೊಯ್ಯಿಸುತ್ತಾರೆ. ಕುರಿ ಬಿಟ್ಟರೆ ಆ ಖರ್ಚೇ ಇಲ್ಲ. ಕೇಳಿದರೆ ವೈರ್ ಕಡಿಯುತ್ತವೆ ಅಂತಾರೆ.

ಜೋಧಪುರ ನೋಡಿದವನು:
ಕುರಿಹಟ್ಟಿ ಅವರೇ, ನೀವು ಕೇಳುತ್ತಿರುವುದು ನ್ಯಾಯವಾಗಿದೆ. ಹೊರದೇಶಗಳಲ್ಲಿ ಪ್ಯಾನೆಲ್ ಕೆಳಗೆ ಕುರಿ ಮೇಯಿಸುವುದು ಮಾಮೂಲು ಆಗಿಬಿಟ್ಟಿದೆ. ವೈರ್‌ಗಳನ್ನು ಪೈಪ್ ಒಳಗೆ ಹಾಕಿ ಎತ್ತರಕ್ಕೆ ಕಟ್ಟಿದರೆ ಆಯಿತು.

ರಾಜಸ್ಥಾನದ ಜೋಧಪುರದಲ್ಲಿ ಕಾಜ್ರಿ ಅಂತ ಕೇಂದ್ರ ಸರ್ಕಾರದ ಒಣಪ್ರದೇಶ ಸಂಶೋಧನಾ ಸಂಸ್ಥೆ ಇದೆ. ಅಲ್ಲಿ 105 ಕಿಲೋವ್ಯಾಟ್‌ನ ಒಂದು ಘಟಕ ಹಾಕಿದ್ದಾರೆ. ಪ್ಯಾನೆಲ್ ಸಾಲುಗಳ ನಡುವೆ ಜಾಗ ಬಿಟ್ಟು ಹೆಸರು, ಮಡಿಕೆ ಕಾಳಿನಂಥ ಕುಳ್ಳ ಬೆಳೆ ಬೆಳೆಯುತ್ತಾರೆ. ನನಗೆ ಜಾಸ್ತಿ ಇಷ್ಟವಾಗಿದ್ದು ಬೇರೆ. ಪ್ಯಾನೆಲ್ ಮೇಲೆ ಬಿದ್ದ ಮಳೆನೀರನ್ನು ಅದರ ಕೆಳತುದಿಯಲ್ಲಿ ದೋಣಿ ಕಟ್ಟಿ ಹಿಡಿದು, ಪೈಪ್‌ನಲ್ಲಿ ತೊಟ್ಟಿಗೆ ತರುತ್ತಾರೆ. ಅದೇ ನೀರಲ್ಲಿ ಪ್ಯಾನೆಲ್ ತೊಳೆಯುತ್ತಾರೆ, ಉಳಿದಿದ್ದು ಬೆಳೆಗೆ. ಪಾವಗಡದಲ್ಲಿ ಕುಡಿಯುವ ನೀರಿಗೇ ತತ್ವಾರ. ಸಾವಿರಾರು ಎಕರೆ ಗಾಜಿನ ಮೇಲೆ ಬೀಳುವ ಮಳೆಯನ್ನು ಹಿಡಿಯಲೇಬೇಕು ಅಂತ ಷರತ್ತು ಯಾಕೆ ಇರಬಾರದು?

ಗದಗ ಗಾಳಿ:
ನಮ್ಮ ಕಡೆ ಗಾಳಿಯಂತ್ರ. ಕಂಬದ ಬುಡಕ್ಕೆ, ದಾರಿಗೆ ಮಾತ್ರ ಜಾಗ ಹೋಗುತ್ತದೆ. ಸುತ್ತ ಹೆಸರು, ಜೋಳ, ಮೆಣಸಿನಕಾಯಿ ಎಂದಿನಂತೆ ಬೆಳೆಯುತ್ತಾರೆ. ಆದರೆ ಗಾಳಿ ಎಲ್ಲ ಊರಲ್ಲೂ ಒಂದೇ ರೀತಿ ಬೀಸುವುದಿಲ್ಲವಲ್ಲ.

ಲೈನ್‌ಮನ್ ಮಗ:
ನಿಡಗಲ್ ಹುಡುಗ ಕೇಳಿದ "ಬೇರೆ ದಾರಿ"ಗೆ ಬರುತ್ತೇನೆ. ಪಾರ್ಕ್‌ನ ಕರೆಂಟು ದೊಡ್ಡ ಲೈನ್ ಹತ್ತಿ ಹೊರಗೆ ಹೋಗುತ್ತದೆ. ಪಾರ್ಕ್ ಪಕ್ಕದ ಹಳ್ಳಿಗೆ ಅದರಿಂದ ನೇರವಾಗಿ ಏನೂ ಸಿಗುವುದಿಲ್ಲ. ಬೇಲಿ ಈಚೆ ನಿಂತ ರೈತ ಪಂಪ್‌ಸೆಟ್‌ಗೆ ತ್ರೀ ಫೇಸ್ ಯಾವಾಗ ಬರುತ್ತದೆ ಅಂತ ಕಾಯುತ್ತಾನೆ. ಸರ್ಕಾರ ಕೊಡುವುದು ಏಳು ಗಂಟೆ. ಅದರಲ್ಲಿ ಒಂದಷ್ಟು ರಾತ್ರಿ. ಕತ್ತಲಲ್ಲಿ ಗೇಟ್‌ವಾಲ್ವ್ ತಿರುಗಿಸಲು ಹೋಗಿ ಹಾವು ಕಚ್ಚಿಸಿಕೊಂಡವರನ್ನು ನಾನೇ ನೋಡಿದ್ದೇನೆ.

ರೈತರ ಸೋಲಾರ್‌ಗೆ ಅಂತ ಕೇಂದ್ರ ತಂದ ಕುಸುಮ್ ಯೋಜನೆಯ ಸಿ ಭಾಗ ಇದಕ್ಕೇ ಇರುವುದು. ಹಳ್ಳಿಯ ಸಬ್‌ಸ್ಟೇಷನ್ ಹತ್ತಿರ ಸಣ್ಣ ಸೋಲಾರ್ ಘಟಕ ಹಾಕಿ, ಪಂಪ್‌ಸೆಟ್ ಫೀಡರ್‌ಗೆ ಹಗಲಲ್ಲೇ ಕರೆಂಟು ಕೊಡುವುದು. ಒಂದು ಮೆಗಾವ್ಯಾಟ್‌ಗೆ ನಾಲ್ಕೈದು ಎಕರೆ ಸಾಕು. ದೂರದಿಂದ ಕರೆಂಟು ತರುವಾಗ ಆಗುವ ನಷ್ಟವೂ ಇಲ್ಲ. ಇಡೀ ಊರಿನ ಹೊಲ ಕೊಡಬೇಕಾಗಿಲ್ಲ, ಮೇಯಲು ಜಾಗ ಉಳಿಯುತ್ತದೆ. ನನ್ನ ಪ್ರಕಾರ ನಮ್ಮಂಥ ತಾಲ್ಲೂಕಿಗೆ ಮೊದಲು ಬೇಕಾಗಿರುವುದು ಇದು.

ಲೈನ್ ಇಲ್ಲದ ಕಡೆ ಹೊಸ ಬೋರ್ ಇದ್ದರೆ ಬಿ ಭಾಗ ನೋಡಿ. ಸೋಲಾರ್ ಪಂಪ್‌ಗೆ ಕೇಂದ್ರ 30, ರಾಜ್ಯ 50, ರೈತ 20 ಪರ್ಸೆಂಟ್.

ಲೆಕ್ಕದ ಮೇಷ್ಟ್ರು:
ಹಗಲು ಕರೆಂಟು ಒಳ್ಳೆಯದೇ. ಆದರೆ ಒಂದು ಭಯ ಇದೆ. ಬಿಸಿಲು ಇರುವಷ್ಟು ಹೊತ್ತೂ ಪಂಪ್ ಓಡಿದರೆ ಉಳಿದ ಅಂತರ್ಜಲವೂ ಖಾಲಿ. ನೀರೆತ್ತದೆ ಬಿಟ್ಟವನಿಗೆ ಏನಾದರೂ ಲಾಭ ಇರಬೇಕು. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಅನ್ನುವ ಹಳ್ಳಿಯಲ್ಲಿ 2016ರಲ್ಲಿ ಆರು ಜನ ರೈತರು ಸೇರಿ ಸೋಲಾರ್ ಪಂಪ್‌ಗಳ ಸಹಕಾರ ಸಂಘ ಕಟ್ಟಿದರು. ನೀರು ಬೇಕಾದಷ್ಟು ಎತ್ತಿ, ಉಳಿದ ಕರೆಂಟನ್ನು ಗ್ರಿಡ್‌ಗೆ ಮಾರುವುದು. ನೀರು ಉಳಿಸಿದರೆ ದುಡ್ಡು. ನಮ್ಮಲ್ಲೂ 2014ರಲ್ಲಿ ಸೂರ್ಯ ರೈತ ಅಂತ ಇದೇ ಯೋಚನೆಯ ಯೋಜನೆ ತಂದು, ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಮೊದಲು ಮಾಡಿದ್ದರು. ಅದನ್ನು ಬಯಲುಸೀಮೆಗೆ ಪೂರ್ತಿ ಹರಡಬೇಕಿತ್ತು. ಹಾಲು ಡೈರಿ ನಡೆಸಲು ಬರುವ ಊರಿಗೆ ಕರೆಂಟು ಡೈರಿ ನಡೆಸಲು ಬರುವುದಿಲ್ಲವೇ?

ಶಿರಸಿ ಕಡೆಯವಳು:
ನಮ್ಮ ಮನೆಯಲ್ಲಿ ಗೋಬರ್ ಗ್ಯಾಸ್ ಇದೆ. ನಾಲ್ಕೈದು ದನ ಇದ್ದರೆ ಎರಡು ಘನ ಮೀಟರ್ ಘಟಕ ಸಲೀಸಾಗಿ ನಡೆಯುತ್ತದೆ, ದಿನದ ಅಡುಗೆ ಮುಗಿಯುತ್ತದೆ. ಸ್ಲರಿ ತೋಟಕ್ಕೆ. ಇಂಗಾಲ ಅಂದ ಕೂಡಲೇ ಎಲ್ಲರೂ ಕರೆಂಟಿನ ಮಾತೇ ಆಡುತ್ತೀರಿ. ಹಳ್ಳಿಯ ಹೊಗೆ ಅಡುಗೆಮನೆಯಲ್ಲಿದೆ, ಅದನ್ನು ಕುಡಿಯುವವರು ಹೆಂಗಸರು.

ಹೊಂಗೆಮರ:
ಅಕ್ಕಾ, ನಿಜ. ಆದರೆ ಘಟಕಕ್ಕೆ ಸಗಣಿಯಷ್ಟೇ ನೀರೂ ಬೇಕು. ಏಪ್ರಿಲ್‌ನಲ್ಲಿ ನಮ್ಮಲ್ಲಿ ಬಿಂದಿಗೆ ಸಾಲು. ಒಂದೆರಡು ದನ ಇರುವ ಮನೆಗೆ ಗ್ಯಾಸೂ ಸಾಲುವುದಿಲ್ಲ. ಮಲೆನಾಡಿಗೆ ಹೊಂದುವುದು ನಮಗೆ ಹೊಂದುವುದು ಕಷ್ಟ.

ನಿಡಗಲ್ ಹುಡುಗ:
ಮನೆ ಚಾವಣಿ ಮೇಲೆ ಹಾಕಿಸಿದರೆ? ಪಿಎಂ ಸೂರ್ಯ ಘರ್‌ನಲ್ಲಿ 3 ಕಿಲೋವ್ಯಾಟ್‌ಗೆ 78,000 ಸಬ್ಸಿಡಿ ಇದೆ ಅಲ್ವಾ?

ಲೈನ್‌ಮನ್ ಮಗ:
ಇದೆ. ಆದರೆ ಗೃಹಜ್ಯೋತಿಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಗಿಂತ ಸ್ವಲ್ಪ ಹೆಚ್ಚಿನ ತನಕ, ಗರಿಷ್ಠ 200 ಯೂನಿಟ್‌ಗೆ, ಬಿಲ್ಲೇ ಇಲ್ಲ. ಹಳ್ಳಿಮನೆಯ ಬಳಕೆ 200ಕ್ಕಿಂತ ಎಷ್ಟೋ ಕಡಿಮೆ. ಶೂನ್ಯ ಬಿಲ್ ಬರುವ ಮನೆಯವರು ಕೈಯಿಂದ ದುಡ್ಡು ಹಾಕಿ ಯಾಕೆ ಹಾಕಿಸುತ್ತಾರೆ? ಗೃಹಜ್ಯೋತಿ ಬೇಡ ಅಂತ ನಾನು ಹೇಳುತ್ತಿಲ್ಲ, ಬಡವರಿಗೆ ಅದು ಬೇಕು. ಶಾಲೆ, ಪಂಚಾಯಿತಿ ಕಚೇರಿ, ಡೈರಿ, ಕುಡಿಯುವ ನೀರಿನ ಘಟಕ, ಇವುಗಳ ಚಾವಣಿಯಿಂದ ಶುರು ಮಾಡಬಹುದು. ಬೀದಿದೀಪ ಮತ್ತು ನೀರಿನ ಮೋಟರ್ ಬಿಲ್ಲೇ ಪಂಚಾಯಿತಿಗೆ ದೊಡ್ಡ ಹೊರೆ.

ಶರಾವತಿ ದಂಡೆ:
ಹಗಲಿನ ಕರೆಂಟು ಎಷ್ಟು ಮಾಡಿದರೂ ಸಂಜೆ ಏಳಕ್ಕೆ ಏನು ಮಾಡುತ್ತೀರಿ? ಅದಕ್ಕೇ ನಮ್ಮ ಕಾಡಿನಲ್ಲಿ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್, ಅಂದರೆ ಕರೆಂಟು ಹೆಚ್ಚಿದ್ದಾಗ ನೀರು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ತೆಗೆಯುವುದು, ಮಾಡುತ್ತೇವೆ ಅಂತಿದ್ದಾರೆ. ತಲಕಳಲೆಯಿಂದ ಗೇರುಸೊಪ್ಪೆ ನಡುವೆ, ಸಿಂಗಳೀಕಗಳ ಅಭಯಾರಣ್ಯದ ಒಳಗೇ. ಬಯಲುಸೀಮೆಯ ಸೋಲಾರ್‌ನ ಬೆಲೆಯನ್ನು ಮಲೆನಾಡು ಕಟ್ಟಬೇಕಾಗುತ್ತದೆ. ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಲೆಕ್ಕದ ಮೇಷ್ಟ್ರು:
ಸರಿಯಾದ ಪ್ರಶ್ನೆ. ಪಂಪ್‌ಸೆಟ್‌ಗಳನ್ನು ಹಗಲಿಗೆ ತಂದರೆ ರಾತ್ರಿಯ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ. ಸಂಗ್ರಹಿಸುವುದಕ್ಕಿಂತ ಬಿಸಿಲಿದ್ದಾಗಲೇ ಬಳಸುವುದು ಅಗ್ಗ. ಉಳಿದಿದ್ದಕ್ಕೆ ಸಬ್‌ಸ್ಟೇಷನ್‌ಗಳಲ್ಲಿ ಬ್ಯಾಟರಿ ಬರಲಿ.

ನಿಡಗಲ್ ಹುಡುಗ:
ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಓದಿ ಹೇಳಿದೆ. ಎರಡು ಎಕರೆ ಊಟಕ್ಕೆ, ಮೇವಿಗೆ ಉಳಿಯಲೇಬೇಕು ಅಂತ ಅಮ್ಮ ಪಟ್ಟು ಹಿಡಿದಿದ್ದಾರೆ. ಅಪ್ಪ ಅದಕ್ಕೆ ಒಪ್ಪಿದರು. ಉಳಿದ ಆರು ಎಕರೆ ಕೊಡುವುದಾದರೆ ಏನೇನು ನೋಡಿಕೊಳ್ಳಬೇಕು?

ತಿರುಮಣಿಯವನು:
ಮೊದಲು ಕಾಗದ. ಜಮೀನು ಇನ್ನೂ ತಾತನ ಹೆಸರಲ್ಲಿದ್ದರೆ ಪೌತಿ ಖಾತೆ ಮಾಡಿಸಿ. ಜಂಟಿ ಪಹಣಿ ಇದ್ದರೆ ಪೋಡಿ ಮಾಡಿಸಿ, ಅಂದರೆ ಅಳತೆ ಮಾಡಿಸಿ ಒಬ್ಬೊಬ್ಬರ ಪಾಲು ಬೇರೆ ಮಾಡಿಸಿ. ಇಲ್ಲದಿದ್ದರೆ ಅಣ್ಣತಮ್ಮಂದಿರ ತಕರಾರಿನಲ್ಲಿ ದುಡ್ಡು ನಿಲ್ಲುತ್ತದೆ. ನಿಮ್ಮೂರಲ್ಲಿ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿದ್ದರೆ ಅದಕ್ಕೆ 1978ರ ಪಿಟಿಸಿಎಲ್ ಕಾಯ್ದೆ ಇದೆ, ಸರ್ಕಾರದ ಅನುಮತಿ ಇಲ್ಲದೆ ಗುತ್ತಿಗೆಗೂ ಕೊಡುವ ಹಾಗಿಲ್ಲ. ಒಬ್ಬೊಬ್ಬರೇ ಸಹಿ ಹಾಕಬೇಡಿ, ಊರವರೆಲ್ಲ ಒಟ್ಟಿಗೆ ಕೂತು ಏರಿಕೆಯ ದರ ಕೇಳಿ. ಅವಧಿ ಮುಗಿದ ಮೇಲೆ ಕಾಂಕ್ರೀಟ್ ಬುಡ, ಕಂಬ, ಒಡೆದ ಪ್ಯಾನೆಲ್ ಯಾರು ತೆಗೆಯಬೇಕು ಅಂತ ಕರಾರಿನಲ್ಲೇ ಬರೆಸಿ.

ಹೊಂಗೆಮರ:
ಗುತ್ತಿಗೆ ಹಣ ಬೀಳುವ ಖಾತೆ ಅಪ್ಪ-ಅಮ್ಮ ಇಬ್ಬರ ಹೆಸರಲ್ಲೂ ಇರಲಿ. ಇದನ್ನು ಮರೆಯಬೇಡ ತಮ್ಮಾ. ಪಾರ್ಕ್‌ನ ಅಭಿವೃದ್ಧಿ ಹಣದಲ್ಲಿ ಭೂಮಿ ಇಲ್ಲದ ಮನೆಗಳಿಗೆ ಪಾಲು ಎಷ್ಟು ಅಂತ ಗ್ರಾಮಸಭೆಯಲ್ಲಿ ಕೇಳು. ನೀನು ಕೇಳಿದರೆ ಉತ್ತರ ಕೊಡುತ್ತಾರೆ, ಕೂಲಿಯವರು ಕೇಳಿದರೆ ಕೂರಿಸುತ್ತಾರೆ.

ಕುರಿಹಟ್ಟಿ:
ಬೇಲಿ ಹಾಕುವ ಮೊದಲು ಗ್ರಾಮ ನಕಾಶೆ ತೆಗೆಸಿ. ನಕಾಶೆ ಕಂಡ ದಾರಿ, ಗೋಮಾಳ, ಹಳ್ಳ ಯಾವುದು ಅಂತ ಸರ್ವೇಯರ್ ಕೈಲಿ ಗುರುತು ಹಾಕಿಸಿ. ಬೇಲಿ ಬಿದ್ದ ಮೇಲೆ ಕೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಗ್ರಾಮಸಭೆ ಯಾವತ್ತು ಅಂತ ಇಲ್ಲೇ ಹಾಕಿ, ನಮ್ಮ ಹಟ್ಟಿಯಿಂದಲೂ ನಾಲ್ಕು ಜನ ಬರುತ್ತೇವೆ.