ಹುಲಿ ಸಂರಕ್ಷಿತ ಪ್ರದೇಶವಾದರೆ ನಮ್ಮನ್ನು ಎಬ್ಬಿಸುತ್ತಾರಾ? ಗೋವಾ ಕನ್ನಡಿಗರ ಪ್ರಶ್ನೆಗಳು, ವಕೀಲರ ಉತ್ತರಗಳು

ಪ್ರಶ್ನೆ, ವಾಳಪೈಯಿಂದ:
ನಮಸ್ಕಾರ ಮೇಡಂ. ನಮ್ಮದು ಮೂಲ ಬಾಗಲಕೋಟೆ ಜಿಲ್ಲೆ. ಅಪ್ಪನ ಕಾಲದಿಂದ ಸತ್ತರಿ ತಾಲೂಕಿನಲ್ಲೇ ಇದ್ದೇವೆ. ಈಗಿರುವ ಊರು ಮಹದಾಯಿ ಅಭಯಾರಣ್ಯದ ಒಳಗೆ ಬರುತ್ತದೆ. ಭಾಟ್ಕಾರರ (ಜಮೀನು ಮಾಲೀಕರ) ಕಾಜು ತೋಟ ನೋಡಿಕೊಳ್ಳುತ್ತೇವೆ, ಎರಡು ಎಮ್ಮೆ ಕಟ್ಟಿದ್ದೇವೆ. ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆಯಾದರೆ ಊರಿಗೆ ಊರೇ ಖಾಲಿ ಮಾಡಬೇಕಾಗುತ್ತದೆ ಎಂದು ಒಂದು ಸಭೆಯಲ್ಲಿ ಹೇಳಿದರು. ಇದು ನಿಜವಾ? ನಮ್ಮಂಥವರ ಗತಿ ಏನು?

ಉತ್ತರ:
ಅಣ್ಣ, ಘೋಷಣೆ ಆಯಿತು ಅಂತ ಮರುದಿನ ಯಾರೂ ಬಂದು ನಿಮ್ಮ ಪಾತ್ರೆ-ಪಗಡ ಹೊರಗಿಡುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ 38ವಿ ಅನ್ನುವ ಕಲಂ ಸೇರಿಸಿದ್ದಾರೆ. ಅದರ ಪ್ರಕಾರ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಎರಡು ಭಾಗ ಇರುತ್ತವೆ. ಒಳಗಿನದು ಕೋರ್, ಸುತ್ತಲಿನದು ಬಫರ್. ಬಫರ್‌ನಲ್ಲಿ ಜನ ಇರುತ್ತಾರೆ, ತೋಟ ಇರುತ್ತದೆ. ಅದರ ಗಡಿಯನ್ನು ಗ್ರಾಮಸಭೆಯ ಜೊತೆ ಮಾತಾಡಿಯೇ ಗುರುತಿಸಬೇಕು. ಕೋರ್‌ನಿಂದ ಊರನ್ನು ಸ್ಥಳಾಂತರ ಮಾಡುವುದಾದರೂ ಮೊದಲು ಜನರ ಅರಣ್ಯ ಹಕ್ಕು ತೀರ್ಮಾನ ಆಗಬೇಕು. ಆಮೇಲೆ ಗ್ರಾಮಸಭೆ ಒಪ್ಪಬೇಕು, ಹೋಗುವ ಕುಟುಂಬವೂ ತಾನಾಗಿ ಒಪ್ಪಬೇಕು. ಅರಣ್ಯ ಹಕ್ಕು ಕಾಯ್ದೆ ಇನ್ನೂ ಸ್ಪಷ್ಟವಾಗಿದೆ. ಅರ್ಜಿ ಇತ್ಯರ್ಥವಾಗುವ ತನಕ ಅರ್ಜಿದಾರರನ್ನು ಎಬ್ಬಿಸುವ ಹಾಗಿಲ್ಲ.

ಆ ಸಭೆಯಲ್ಲಿ ಹೇಳದೆ ಬಿಟ್ಟ ಮಾತೊಂದಿದೆ. ನಿಮ್ಮ ಊರಿನವರ ಕಷ್ಟ ಹುಲಿಯಿಂದ ಶುರುವಾದದ್ದಲ್ಲ. ಮಹದಾಯಿ ಮತ್ತು ನೇತ್ರಾವಳಿ ಅಭಯಾರಣ್ಯಗಳು ಘೋಷಣೆಯಾದದ್ದು 1999ರಲ್ಲಿ, ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಇದ್ದಾಗ. ಒಳಗಿನ ಮನೆ, ಜಮೀನು, ದಾರಿ, ಮೇವು, ನೀರು ಇವುಗಳಲ್ಲಿ ಯಾರ ಹಕ್ಕು ಎಷ್ಟು ಎಂದು ವಿಚಾರಣೆ ನಡೆಸಿ ಮುಗಿಸುವುದು ಆಡಳಿತದ ಕೆಲಸ. ಸಾಧ್ಯವಾದ ಮಟ್ಟಿಗೆ ಎರಡು ವರ್ಷದಲ್ಲಿ ಮುಗಿಸಿ ಅಂತ ವನ್ಯಜೀವಿ ಕಾಯ್ದೆ ಹೇಳುತ್ತದೆ. ಇಪ್ಪತ್ತೈದು ವರ್ಷ ದಾಟಿದರೂ ಆ ಕೆಲಸ ಪೂರ್ತಿಯಾಗಲಿಲ್ಲ. ಸತ್ತರಿಯಲ್ಲಿ ಮೊದಲೇ ಮೊಕಾಸೊ, ಅಲ್ವಾರಾ ಅಂತ ಪೋರ್ಚುಗೀಸರ ಕಾಲದ ಜಮೀನು ಗೊಂದಲ ಇತ್ತು. ಅದರ ಮೇಲೆ ಅಭಯಾರಣ್ಯದ ಗಡಿ ಬಂತು. ತಲೆಮಾರುಗಳಿಂದ ಉಳುಮೆ ಮಾಡುವವರ ಹೆಸರು ಇವತ್ತಿಗೂ ಫಾರ್ಮ್ 1 ಮತ್ತು 14ರಲ್ಲಿ ಇಲ್ಲ. (ನಮ್ಮ ಕಡೆ ಉತಾರ ಅಂತೀವಲ್ಲ, ಇಲ್ಲಿ ಅದೇ ಈ ಫಾರ್ಮ್.) ಕೈಯಲ್ಲಿ ಕಾಗದ ಇಲ್ಲದವನಿಗೆ "ನಿನ್ನನ್ನು ಓಡಿಸುತ್ತಾರೆ" ಅಂದರೆ ಅವನು ನಂಬದೆ ಏನು ಮಾಡುತ್ತಾನೆ?

ಗೋವಾ ಫೌಂಡೇಶನ್ ಎಂಬ ಪರಿಸರ ಸಂಸ್ಥೆ ಹಾಕಿದ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟಿನ ಗೋವಾ ಪೀಠ 2023ರ ಜುಲೈ 24ರಂದು ತೀರ್ಪು ಕೊಟ್ಟಿತು. ಮೂರು ತಿಂಗಳಲ್ಲಿ ಹುಲಿ ಸಂರಕ್ಷಿತ ಪ್ರದೇಶ ಘೋಷಿಸಿ ಎಂಬ ಸಾಲನ್ನು ಎಲ್ಲರೂ ಹೇಳುತ್ತಾರೆ. ಅದೇ ತೀರ್ಪಿನಲ್ಲಿ ಪರಿಶಿಷ್ಟ ಪಂಗಡದವರ ಮತ್ತು ಇತರ ಅರಣ್ಯವಾಸಿಗಳ ಹಕ್ಕಿನ ಅರ್ಜಿಗಳನ್ನು ಹನ್ನೆರಡು ತಿಂಗಳಲ್ಲಿ ತೀರ್ಮಾನಿಸಿ ಅಂತಲೂ ಇದೆ. ಊರ ಸಭೆಗಳಲ್ಲಿ ಈ ಎರಡನೆಯ ಸಾಲನ್ನು ಯಾರಾದರೂ ಓದಿ ಹೇಳಿದ್ದಾರಾ, ಕೇಳಿ ನೋಡಿ. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿನ ಕೇಂದ್ರೀಯ ಉನ್ನತಾಧಿಕಾರ ಸಮಿತಿ 2025ರಲ್ಲಿ ಹಂತ ಹಂತವಾಗಿ ಮಾಡಿ ಎಂದು ಸಲಹೆ ಕೊಟ್ಟಿದೆ. ಮೊದಲು ದಕ್ಷಿಣದ ನೇತ್ರಾವಳಿ, ಕೋಟಿಗಾವ್. ಅವು ನಮ್ಮ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಅಂಟಿಕೊಂಡಿವೆ, ಒಳಗೆ ಮನೆಗಳೂ ಕಡಿಮೆ. ಮನೆ ಜಾಸ್ತಿ ಇರುವ ಮಹದಾಯಿ ಆಮೇಲೆ, ಜನರ ಜೊತೆ ಮಾತಾಡಿ. ಹಾಗಾಗಿ ನಿಮ್ಮ ಊರಿನ ಸರದಿ ಬರುವ ಮೊದಲು ಕಾಗದ ಸರಿ ಮಾಡಿಕೊಳ್ಳಲು ಸಮಯ ಇದೆ.

ಈಗ ನಿಮ್ಮ ವಿಷಯ. ಸುಳ್ಳು ಸಮಾಧಾನ ಹೇಳಲು ನನಗೆ ಮನಸ್ಸಿಲ್ಲ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಸ್ವಾಧೀನದಲ್ಲಿದ್ದರೆ ಸಾಕು. ಗೋವಾದಲ್ಲಿ ಗಾವಡಾ, ಕುಣಬಿ, ವೇಳಿಪ ಸಮುದಾಯಗಳಿಗೆ ಆ ಸ್ಥಾನ ಸಿಕ್ಕಿದ್ದು 2003ರಲ್ಲಿ. ಧನಗರ ಗೌಳಿಗಳಿಗೆ ಇನ್ನೂ ಸಿಕ್ಕಿಲ್ಲ. ಉಳಿದವರು ಆ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಇದ್ದುದನ್ನು ತೋರಿಸಬೇಕು. ಅಪ್ಪನ ಕಾಲದಲ್ಲಿ ಬಂದ ನಿಮಗೆ ಅದು ಆಗುವುದಿಲ್ಲ. ನಿಮ್ಮ ದಾರಿ ಬೇರೆ. ಭಾಟ್ಕಾರರ ಜಾಗದಲ್ಲಿ ಮನೆ ಮಾಡಿಕೊಂಡಿರುವವರಿಗೆ ರಕ್ಷಣೆ ಕೊಡುವ ಗೋವಾದ 1975ರ ಮುಂಡ್ಕಾರ ಕಾಯ್ದೆಯಲ್ಲಿ ನಿಮ್ಮ ಮನೆ ಬರುತ್ತದಾ ನೋಡಬೇಕು. ಅಪ್ಪ ಯಾವ ವರ್ಷ ಬಂದರು, ಮನೆ ಯಾರು ಕಟ್ಟಿದರು, ಬಾಡಿಗೆ ಕೊಡುತ್ತೀರಾ ಎಂಬುದರ ಮೇಲೆ ಅದು ನಿಂತಿದೆ. ಹಳೇ ರೇಷನ್ ಕಾರ್ಡ್, ಮತದಾರರ ಪಟ್ಟಿಯ ಪ್ರತಿ, ಕರೆಂಟ್ ಬಿಲ್, ಮಕ್ಕಳ ಶಾಲೆ ದಾಖಲೆ, ಒಂದನ್ನೂ ಬಿಸಾಡಬೇಡಿ. ತಂದು ತೋರಿಸಿ, ಕೂತು ನೋಡೋಣ.

ಪ್ರಶ್ನೆ, ಫೋಂಡಾದಿಂದ ಕಾಲೇಜು ವಿದ್ಯಾರ್ಥಿನಿ:
ಅಕ್ಕಾ, ಗೋವಾದಲ್ಲಿ ಹುಲಿಗಳು ನಿಜವಾಗಿ ಇವೆಯಾ? ಕರ್ನಾಟಕದಿಂದ ಬಂದು ದಾಟಿ ಹೋಗುತ್ತವೆ ಅಷ್ಟೆ, ಅದಕ್ಕೆ ಹುಲಿ ಸಂರಕ್ಷಿತ ಪ್ರದೇಶ ಬೇಡ ಅಂತಾರೆ.

ಉತ್ತರ:
2020ರ ಜನವರಿಯಲ್ಲಿ ಸತ್ತರಿಯ ಗೋಳಾವಳಿ ಹತ್ತಿರ ನಾಲ್ಕು ಹುಲಿ ಸತ್ತು ಬಿದ್ದಿದ್ದವು. ಒಂದು ತಾಯಿ, ಮೂರು ಮರಿ. ಸುಮ್ನೆ ದಾಟಿ ಹೋಗುವ ಹುಲಿ ಮೂರು ಮರಿ ಕಟ್ಟಿಕೊಂಡು ತಿರುಗುತ್ತದಾ ಮಗಳೇ? ಅದಕ್ಕೂ ಮೊದಲು 2009ರಲ್ಲಿ ಅದೇ ತಾಲೂಕಿನ ಕೇರಿಯಲ್ಲಿ ಒಂದು ಹುಲಿ ಬೇಟೆಗೆ ಬಲಿಯಾಗಿತ್ತು.

ಗೋಳಾವಳಿಯ ಸಾವು ನನ್ನನ್ನು ಇವತ್ತಿಗೂ ಕಾಡುತ್ತದೆ. ಹುಲಿ ದನ ಹಿಡಿದಿತ್ತು, ಆ ದನದ ಕಳೇಬರಕ್ಕೆ ವಿಷ ಹಾಕಿದರು ಅನ್ನುವುದು ತನಿಖೆಯಲ್ಲಿ ಬಂದ ಆರೋಪ. ದನ ಕಳೆದುಕೊಂಡವರಿಗೆ ಆ ದನವೇ ಬದುಕು. ಅವರಿಗೆ ಬೇಗ ಪರಿಹಾರ ಸಿಕ್ಕುತ್ತದೆ ಅನ್ನುವ ನಂಬಿಕೆ ಇದ್ದಿದ್ದರೆ, ಕಾವಲಿಗೆ ಹೆಚ್ಚು ಜನ ಇದ್ದಿದ್ದರೆ, ಆ ಐದು ಪ್ರಾಣಿಗಳಲ್ಲಿ ನಾಲ್ಕು ಉಳಿಯುತ್ತಿದ್ದವು ಅಂತ ನನಗೆ ಅನಿಸುತ್ತದೆ. ಹುಲಿ ಸಂರಕ್ಷಿತ ಪ್ರದೇಶವಾದರೆ ಕೇಂದ್ರದ ಹಣ ಬರುತ್ತದೆ, ಕಾವಲು ಸಿಬ್ಬಂದಿ ಹೆಚ್ಚುತ್ತಾರೆ, ಒಂದು ನಿರ್ವಹಣಾ ಯೋಜನೆ ಬರಲೇಬೇಕು. ನಾನು ಘೋಷಣೆಯ ಪರ ಇರುವುದು ಈ ಕಾರಣಕ್ಕೆ.

ಇನ್ನು, ಘೋಷಣೆ ಯಾರಿಗೆ ಬೇಡ? ಊರವರ ಭಯ ಒಂದು ಕಡೆ. ಇನ್ನೊಂದು ಕಡೆ ಮೋಲೆಂ ನೋಡು. ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಮೋಲೆಂ ರಾಷ್ಟ್ರೀಯ ಉದ್ಯಾನದ ಮೂಲಕ ಒಂದೇ ಹೊತ್ತಿಗೆ ಮೂರು ಯೋಜನೆ ಬಂದವು. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗೆ ಜೋಡಿ ಹಳಿ, ಚತುಷ್ಪಥ ಹೆದ್ದಾರಿ, 400 ಕೆವಿ ವಿದ್ಯುತ್ ಮಾರ್ಗ. ಜೋಡಿ ಹಳಿ ಮುಖ್ಯವಾಗಿ ಮುರ್ಮುಗೋವಾ ಬಂದರಿನ ಕಲ್ಲಿದ್ದಲಿಗೆ ಅಂತ ಜನ ವಿರೋಧಿಸಿದರು. 2020ರಲ್ಲಿ ಚಾಂದೋರ್‌ನಲ್ಲಿ ರಾತ್ರಿ ಹಳಿ ಮೇಲೆ ಕೂತರು. ಸುಪ್ರೀಂ ಕೋರ್ಟು 2022ರ ಮೇಯಲ್ಲಿ ಜೋಡಿ ಹಳಿಗೆ ಕೊಟ್ಟಿದ್ದ ವನ್ಯಜೀವಿ ಒಪ್ಪಿಗೆಯನ್ನು ರದ್ದು ಮಾಡಿತು. ಅದೇ ಕಾಡು ಹುಲಿ ಸಂರಕ್ಷಿತ ಪ್ರದೇಶವಾದರೆ ಇಂಥ ಯೋಜನೆಗೆ ಇನ್ನೂ ಒಂದು ಕಡೆ ಉತ್ತರ ಕೊಡಬೇಕಾಗುತ್ತದೆ. ದೊಡ್ಡ ಯೋಜನೆ ತರುವವರಿಗೆ ಅದು ಬೇಡ. ಅವರ ಕಾರಣವೂ ವಾಳಪೈಯ ಅಣ್ಣನ ಭಯವೂ ಒಂದೇ ಅಲ್ಲ. ಆದರೆ ವೇದಿಕೆ ಮೇಲೆ ಕೇಳಿಸುವುದು ಬರೀ ಊರವರ ಹೆಸರು.

ಪ್ರಶ್ನೆ, ವಾಸ್ಕೋದಿಂದ:
ಮೇಡಂ, ನಮ್ಮ ಮನೆಯವರೆಲ್ಲ ನವಲಗುಂದದ ಕಡೆ. ಮಹದಾಯಿ ನೀರಿಗಾಗಿ ನಮ್ಮ ಕಾಕಾ ಧರಣಿ ಕೂತವರು. ಇಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದರೆ ಕಳಸಾ-ಬಂಡೂರಿ ನಿಂತೇ ಹೋಗುತ್ತದೆ ಅಂತ ಊರಿನವರು ಹೇಳುತ್ತಾರೆ. ನೀವು ಕನ್ನಡದವರಾಗಿ ಅದನ್ನು ಹೇಗೆ ಬೆಂಬಲಿಸುತ್ತೀರಿ?

ಉತ್ತರ:
ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಮಹದಾಯಿ ಜಲ ವಿವಾದ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ 8.02 ವಿದ್ಯುತ್ತಿಗೆ, ಅದು ಹೊಳೆಗೆ ವಾಪಸ್ ಬರುವ ನೀರು. ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9. 2020ರ ಫೆಬ್ರುವರಿಯಲ್ಲಿ ಅದು ಗೆಜೆಟ್‌ನಲ್ಲಿ ಬಂತು. ಹುಲಿ ಸಂರಕ್ಷಿತ ಪ್ರದೇಶ ಘೋಷಿಸಿದರೆ ಈ ಹಂಚಿಕೆ ಅಳಿಸಿ ಹೋಗುವುದಿಲ್ಲ.

ಹಾಗಂತ ಏನೂ ಆಗುವುದಿಲ್ಲ ಅಂತಲೂ ಹೇಳಲಾರೆ. ಅಭಯಾರಣ್ಯದ ಒಳಗೆ ಬರುವ ಅಥವಾ ಹೊರಗೆ ಹೋಗುವ ನೀರನ್ನು ಅನುಮತಿ ಇಲ್ಲದೆ ತಿರುಗಿಸಬಾರದು ಎಂದು ವನ್ಯಜೀವಿ ಕಾಯ್ದೆಯ 29ನೇ ಕಲಂ ಈಗಲೂ ಹೇಳುತ್ತದೆ. ಅದೇ ಕಲಂ ಹಿಡಿದು 2023ರ ಜನವರಿಯಲ್ಲಿ ಗೋವಾದ ಮುಖ್ಯ ವನ್ಯಜೀವಿ ಪಾಲಕರು ಕರ್ನಾಟಕಕ್ಕೆ ನೋಟಿಸ್ ಕೊಟ್ಟರು. ಅಂದರೆ ಅಡ್ಡಿ ಅಭಯಾರಣ್ಯದಿಂದಲೇ ಇದೆ. ಹುಲಿ ಸಂರಕ್ಷಿತ ಪ್ರದೇಶವಾದರೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾತಿಗೂ ಅಲ್ಲಿ ತೂಕ ಬರುತ್ತದೆ, ಅದು ನಿಜ.

ಇಲ್ಲಿ ಒಂದು ವಿಷಯ ಗಮನಿಸಿ. ಕರ್ನಾಟಕದ ವಿರುದ್ಧ ಗೋವಾ ಹೇಳುವುದು ಏನು? ಆ ನೀರು ಹೋದರೆ ಕಾಡು, ಪ್ರಾಣಿ ಉಳಿಯುವುದಿಲ್ಲ ಅಂತ. ಹೈಕೋರ್ಟು ಅದೇ ಕಾಡನ್ನು ಹುಲಿಗೆ ಮೀಸಲಿಡಿ ಅಂದಾಗ ಆಗುವುದಿಲ್ಲ ಅಂತ. ಎರಡೂ ಮಾತು ಒಂದೇ ಸರ್ಕಾರದ್ದು. ನಮ್ಮ ಕಡೆಯೂ ಹಾಗೆಯೇ. ಖಾನಾಪುರದ ಭೀಮಗಡದಲ್ಲಿ, ದಾಂಡೇಲಿ-ಅಣಶಿಯಲ್ಲಿ ಹುಲಿ ಉಳಿಸುತ್ತೇವೆ ಅಂತೇವೆ. ಕಳಸಾ ಕಾಮಗಾರಿ ಇರುವ ಕಣಕುಂಬಿ ಹತ್ತಿರ ಬಂದ ಕೂಡಲೇ ಹುಲಿಯ ಮಾತು ಬೇಡವಾಗುತ್ತದೆ. ನವಲಗುಂದ, ನರಗುಂದದವರ ಬಾಯಾರಿಕೆ ಸುಳ್ಳಲ್ಲ. ಆ ಹೋರಾಟ ಕಂಡವರಿಗೆ ಅದು ಗೊತ್ತು. ಕುಡಿಯುವ ನೀರಿನ ವಾದವನ್ನು ಲೆಕ್ಕ, ದಾಖಲೆ ಇಟ್ಟು ವನ್ಯಜೀವಿ ಮಂಡಳಿಯ ಮುಂದೆ ಗೆಲ್ಲಬೇಕು. ಸತ್ತರಿಯ ಕಾಡು ಕಾವಲಿಲ್ಲದೆ ಬಿದ್ದಿರಲಿ ಅಂತ ಕಾದು ಗೆಲ್ಲುವುದು ನನಗೆ ಒಪ್ಪಿಗೆ ಇಲ್ಲ. ಕಾಕಾ ಅವರಿಗೆ ನನ್ನ ನಮಸ್ಕಾರ ಹೇಳಿ, ಅವರು ಒಪ್ಪದಿದ್ದರೂ ಸರಿ.

ಪ್ರಶ್ನೆ, ಸಾಂಖಳಿಯಿಂದ:
ಮೇಡಂ, ನೀವು ಹೇಳುವ ಕಾಯ್ದೆ ಪುಸ್ತಕದಲ್ಲಿ ಚೆಂದ. "ತಾನಾಗಿ ಒಪ್ಪಬೇಕು" ಅಂತ ಬರೆದಿರುತ್ತದೆ. ರಸ್ತೆ ಕೊಡಲ್ಲ, ಕರೆಂಟ್ ಕೊಡಲ್ಲ, ದನ ಮೇಯಿಸಲು ಬಿಡಲ್ಲ. ಕೊನೆಗೆ ಜನ ಬೇಸತ್ತು ಸಹಿ ಹಾಕುತ್ತಾರೆ. ಇದು ಒಪ್ಪಿಗೆಯಾ?

ಉತ್ತರ:
ಅಲ್ಲ. ನಿಮ್ಮ ಮಾತಿಗೆ ನನ್ನದು ಪೂರ್ತಿ ಸಹಮತ. 2024ರ ಜೂನ್‌ನಲ್ಲಿ ಹುಲಿ ಪ್ರಾಧಿಕಾರ ರಾಜ್ಯಗಳಿಗೆ ಪತ್ರ ಬರೆದು, ದೇಶದ ಹುಲಿ ಪ್ರದೇಶಗಳ ಕೋರ್‌ನಲ್ಲಿ ಇನ್ನೂ 591 ಹಳ್ಳಿ ಉಳಿದಿವೆ, ಸ್ಥಳಾಂತರಕ್ಕೆ ಆದ್ಯತೆ ಕೊಡಿ ಅಂದಿತು. ಹಕ್ಕು ಇತ್ಯರ್ಥವಾಗದ ಕಡೆ ಹೀಗೆ ಅವಸರ ಮಾಡಿದರೆ ಜನ ಹೆದರದೆ ಇರುತ್ತಾರಾ? ಭೀಮಗಡದೊಳಗಿನ ತಳೇವಾಡಿಯ ಕುಟುಂಬಗಳು 15 ಲಕ್ಷದ ಪರಿಹಾರಕ್ಕೆ ಒಪ್ಪಿ 2025ರಲ್ಲಿ ಹೊರಟವು. ಮಳೆಗಾಲದಲ್ಲಿ ಆಸ್ಪತ್ರೆಗೆ ಹೋಗಲು ದಾರಿ ಇಲ್ಲದ ಊರದು. ಅಂಥ ಊರಿನ ಒಪ್ಪಿಗೆಯಲ್ಲಿ ಆಸೆ ಎಷ್ಟು, ಅಸಹಾಯಕತೆ ಎಷ್ಟು ಅಂತ ಹೊರಗಿನ ನಾನು ಅಳೆಯಲಾರೆ.

ಅದಕ್ಕೇ ನಾನು ಪಟ್ಟು ಹಿಡಿದು ಹೇಳುವುದು: ಹಕ್ಕು ಪತ್ರ ಮೊದಲು, ಉಳಿದದ್ದು ಆಮೇಲೆ. ಗೋವಾದಲ್ಲಿ ಸುಮಾರು 10 ಸಾವಿರ ಅರಣ್ಯ ಹಕ್ಕು ಅರ್ಜಿ ಬಂದವು, ವರ್ಷಗಟ್ಟಲೆ ಕೂತವು. ಹಕ್ಕು ಪತ್ರ ಕೈಯಲ್ಲಿರುವ ಮನುಷ್ಯ "ಹೋಗಲ್ಲ" ಅನ್ನಬಹುದು, "ಹೋಗುತ್ತೇನೆ, ಇಷ್ಟು ಕೊಡಿ" ಅಂತಲೂ ಅನ್ನಬಹುದು. ಅದಿಲ್ಲದವನಿಗೆ ಎರಡೂ ಇಲ್ಲ. ನಿಮ್ಮೂರಲ್ಲಿ ಅರಣ್ಯ ಹಕ್ಕು ಸಮಿತಿ ಇದೆಯಾ, ಕೊನೆಯ ಸಲ ಯಾವಾಗ ಸೇರಿತ್ತು ಅಂತ ಪಂಚಾಯತಿಯಲ್ಲಿ ಕೇಳಿ. ಊರ ಹಿರಿಯರ ಹೇಳಿಕೆಯನ್ನೂ ಪುರಾವೆ ಅಂತ ನಿಯಮ ಒಪ್ಪುತ್ತದೆ. ಅವರು ಗಟ್ಟಿಯಾಗಿರುವಾಗಲೇ ಬರೆಸಿಕೊಳ್ಳಿ.

ಪ್ರಶ್ನೆ, ಕುಳೆಂನಿಂದ:
ಅಕ್ಕಾರೆ, ನಾವು ಹಾಲು ಮಾರುವವರು. ಕಾಡಿನ ಅಂಚಿನಲ್ಲಿ ಆಕಳನ್ನು ಏನೋ ಹಿಡಿದು ಹಾಕಿದೆ. ಏನು ಮಾಡಬೇಕು?

ಉತ್ತರ:
ಕಳೇಬರ ಮುಟ್ಟಬೇಡಿ, ಎಳೆದು ಹಾಕಬೇಡಿ. ಈಗಲೇ ಹತ್ತಿರದ ಅರಣ್ಯ ಕಚೇರಿಗೆ ಫೋನ್ ಮಾಡಿ. ಅವರು ಬರುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಕುತ್ತಿಗೆಯ ಗಾಯ, ಸುತ್ತಲಿನ ಹೆಜ್ಜೆ ಗುರುತು ಕಾಣಬೇಕು. ಪಂಚನಾಮೆ ಆಗಲಿ, ಪಶು ವೈದ್ಯರ ವರದಿ ಬರಲಿ. ಯಾರಾದರೂ ಬಂದು "ಸ್ವಲ್ಪ ಔಷಧಿ ಹಾಕಿಬಿಡು, ಪೀಡೆ ತೊಲಗುತ್ತದೆ" ಅಂದರೆ ದಯವಿಟ್ಟು ಕೇಳಬೇಡಿ. ಹುಲಿ, ಚಿರತೆ ಕೊಂದರೆ ಮೂರರಿಂದ ಏಳು ವರ್ಷ ಜೈಲು. ಅದೇ ಮಾಂಸ ತಿಂದು ನಿಮ್ಮ ನಾಯಿಯೂ ಸಾಯುತ್ತದೆ. ಪರಿಹಾರದ ಅರ್ಜಿಯನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮುದ್ರೆ ಮತ್ತು ತಾರೀಖು ಹಾಕಿಸಿಕೊಂಡೇ ಬನ್ನಿ. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆಯುವುದು ಕಷ್ಟವಾದರೆ ವಿವರ ಇಲ್ಲಿ ಕನ್ನಡದಲ್ಲೇ ಹಾಕಿ. ಇವತ್ತು ಸಂಜೆಯೊಳಗೆ ಬರೆದು ಕೊಡುತ್ತೇನೆ.