ಸಹಾಯ ಬೇಕು: ಅಪ್ಪನಿಗೆ ಯಾವ ದೇಶದ ಅರಬ್ಬಿ ಸಿನಿಮಾ?

ಅಪ್ಪ ಊರಿಂದ ಲಂಡನ್‌ಗೆ ಬಂದಿದ್ದಾರೆ. ಇಪ್ಪತ್ತು ವರ್ಷ ಕುವೈತಿನಲ್ಲಿ ಡ್ರೈವರ್ ಆಗಿದ್ದವರು. ಅರಬ್ಬಿ ಸಲೀಸು, ಇಂಗ್ಲಿಷ್ ಸಬ್‌ಟೈಟಲ್ ಓದಲು ಆಗುವುದಿಲ್ಲ. ಅರಬ್ ಬ್ರಿಟಿಷ್ ಸೆಂಟರ್ 2012ರಲ್ಲಿ ಶುರು ಮಾಡಿದ 'ಸಫರ್' ಚಿತ್ರೋತ್ಸವಕ್ಕೆ ಅವರನ್ನು ಕರೆದುಕೊಂಡು ಹೋಗುವ ಆಸೆ. ಲಂಡನ್, ಗ್ಲಾಸ್ಗೋ, ಕಾರ್ಡಿಫ್ ಎಂದು ಹೆಸರಿಗೆ ತಕ್ಕಂತೆ ಊರೂರು ಸುತ್ತುವ ಉತ್ಸವ ಅದು.

ಮೊದಲು ಮೊರಾಕ್ಕೊ ಸಿನಿಮಾದ ಟ್ರೇಲರ್ ತೋರಿಸಿದೆ. 'ಈಗ' ಅನ್ನಲು ಕುವೈತಿನಲ್ಲಿ 'ಅಲ್‌ಹೀನ್', ಅಲ್ಲಿ 'ದಾಬಾ' ಅಂತೆ! ಅಪ್ಪ, "ಊಟಕ್ಕೆ ಹೊರಟರಾ?" ಎಂದರು. ಈಜಿಪ್ಟಿನದು ಅರ್ಧಂಬರ್ಧ ಅರ್ಥವಾಯಿತು. ಉಳಿದದ್ದು ಇರಾಕ್, ಲೆಬನಾನ್. ಆ ಟ್ರೇಲರ್‌ಗಳಲ್ಲಿ ಬರೀ ಸಂಗೀತ, ಮಾತೇ ಇಲ್ಲ.

ಗಲ್ಫ್‌ನಲ್ಲಿ ಇದ್ದು ಬಂದವರು ಹೇಳಿ: ಕುವೈತಿನ ಅರಬ್ಬಿ ಬಲ್ಲವರ ಕಿವಿಗೆ ಇರಾಕಿನ ಮಾತು ಹತ್ತಿರವಾ, ಲೆಬನಾನಿನದಾ? ಒಂದೇ ಶೋಗೆ ಟಿಕೆಟ್ ತೆಗೆಯುವುದು.