ಹಾಡಿದವರ ಹೆಸರಿದೆ, ಟ್ಯೂನ್ ಹಾಕಿದವರದ್ದು?

ಪುಟ್ಟ: (ಫಾರ್ವರ್ಡ್) "ಅಣ್ಣಾವ್ರು ಹಾಡಿದ ಮೊದಲ ಹಾಡು: ಯಾರೇ ಕೂಗಾಡಲಿ, 1974." ಈ ಸಲ ಶಿವಮೊಗ್ಗದಲ್ಲಿ ನಮ್ಮ ಬೀದಿ ಗಣಪತಿ ಆರ್ಕೆಸ್ಟ್ರಾದಲ್ಲಿ ಇದನ್ನೇ ಹಾಡ್ತಿದೀನಿ. ಕರಪತ್ರಕ್ಕೂ ಇದೇ ಸಾಲು.

ತೀರ್ಥಹಳ್ಳಿ ದೊಡ್ಡಪ್ಪ: ಮೊದಲನೇದು ಅಲ್ಲ ಮಾರಾಯ. 1956ರ ಓಹಿಲೇಶ್ವರದಲ್ಲೇ ಹಾಡಿದಾರೆ. 1959ರ ಮಹಿಷಾಸುರ ಮರ್ದಿನಿಯಲ್ಲಿ ಎಸ್. ಜಾನಕಿ ಜೊತೆ ‘ತುಂಬಿತು ಮನವ’ ಇದೆ. ಸಂಪತ್ತಿಗೆ ಸವಾಲ್ ಸಿನಿಮಾದಲ್ಲಿ ಎಮ್ಮೆ ಮೇಲೆ ಕೂತು ‘ಯಾರೇ ಕೂಗಾಡಲಿ’ ಹಾಡಿದ್ದು ಅದಾಗಿ 15 ವರ್ಷಕ್ಕೆ.

ಪುಟ್ಟ: ಆದ್ರೆ ದೊಡ್ಡಪ್ಪ, ಅವರೇ ಹಾಡೋದು ರೂಢಿ ಆಗಿದ್ದು ಇದಾದ್ಮೇಲೆ ತಾನೆ?

ತೀರ್ಥಹಳ್ಳಿ ದೊಡ್ಡಪ್ಪ: ಹೌದು, ಅಲ್ಲೀವರೆಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ಕಂಠ. ನನ್ನ ತಕರಾರು ಬೇರೆ. ಈ ಮೂರೂ ಸಿನಿಮಾಕ್ಕೆ ಸಂಗೀತ ಜಿ.ಕೆ. ವೆಂಕಟೇಶ್ ಅವರದ್ದು. ಆ ಹೆಸರು ನಿನ್ನ ಫಾರ್ವರ್ಡಲ್ಲಿ ಎಲ್ಲಿದೆ?

ಸಾಗರದ ಅತ್ತೆ: ಅಣ್ಣ, ಹಾಡು ಕೇಳೋಕೆ ಬರೋರು ಕರಪತ್ರ ಓದ್ತಾ ಕೂರ್ತಾರಾ? ಹುಡುಗ ಹುರುಪಿಂದ ಹಾಡ್ತೀನಿ ಅಂತಿದಾನೆ, ಹಾಡ್ಲಿ ಬಿಡು.

ತೀರ್ಥಹಳ್ಳಿ ದೊಡ್ಡಪ್ಪ: ಹಾಡ್ಲಿ, ನಾನೇ ಮುಂದಿನ ಸಾಲಲ್ಲಿ ಕೂರ್ತೀನಿ. ಆದ್ರೆ ವೆಂಕಟೇಶ್ ಅವರೇ ಸಂಗೀತ ಕೊಟ್ಟ ಸನಾದಿ ಅಪ್ಪಣ್ಣದ ‘ಕರೆದರೂ ಕೇಳದೆ’ ಒಂದ್ಸಲ ಹಾಕ್ಕೊಂಡು ಕೇಳು. ಜಾನಕಿ ಒಂದು ಸಾಲು ಬಿಟ್ಟಲ್ಲಿಂದ ಬಿಸ್ಮಿಲ್ಲಾ ಖಾನರ ಶಹನಾಯಿ ಎತ್ಕೊಳ್ಳತ್ತೆ, ಶಹನಾಯಿ ಬಿಟ್ಟಲ್ಲಿಂದ ಮತ್ತೆ ಜಾನಕಿ. ಅಷ್ಟು ದೊಡ್ಡ ವಾದಕರನ್ನ ಸಿನಿಮಾ ಹಾಡಿಗೆ ಕೂರಿಸಿ, ಎಲ್ಲಿ ಯಾರು ಸುಮ್ಮನಿರಬೇಕು ಅಂತ ಗೊತ್ತುಮಾಡೋದು ಸಂಗೀತ ನಿರ್ದೇಶಕರ ಕೆಲಸ. ಇಳಯರಾಜ 1976ರಲ್ಲಿ ಸ್ವತಂತ್ರವಾಗಿ ಸಿನಿಮಾ ಮಾಡೋ ಮುಂಚೆ ಇವರ ಹತ್ರವೇ ಸಹಾಯಕರಾಗಿ ಪಳಗಿದ್ದು. ಬಂಗಾರದ ಮನುಷ್ಯ, ಕಸ್ತೂರಿ ನಿವಾಸ ಎಲ್ಲಾ ಇವರದ್ದೇ. ಇಂಥವರ ಹೆಸರು ನಮ್ಮೂರ ಕರಪತ್ರದಲ್ಲೇ ಇಲ್ಲ ಅಂದ್ರೆ ನಂಗೆ ಹೊಟ್ಟೆ ಉರಿಯತ್ತೆ.

ಭದ್ರಾವತಿ ಅಕ್ಕ: ದೊಡ್ಡಪ್ಪ ಹೇಳಿದ್ದು ಸರಿ. ನಮ್ಮ ಭದ್ರಾವತಿ ಆಕಾಶವಾಣಿ ಕೇಳ್ಕೊಂಡು ಬೆಳೆದೋರಿಗೆ ಚಿತ್ರ, ಸಾಹಿತ್ಯ, ಸಂಗೀತ, ಹಾಡಿದವರು ಇಷ್ಟೂ ಬಾಯಿಪಾಠ. ಹಾಡಿಗೆ ಮುಂಚೆ ಹೇಳ್ತಿದ್ರಲ್ಲ! ಈಗಿನ ರೀಲ್ಸಲ್ಲಿ ಹೀರೋ ಮುಖ ಒಂದೇ. ಆದ್ರೆ ವೆಂಕಟೇಶ್ ಹೆಸರು ಹಾಕೋದಾದ್ರೆ ಬರೆದ ಚಿ. ಉದಯಶಂಕರ್ ಹೆಸರು ಬಿಡೋ ಹಾಗಿಲ್ಲ.

ಸಾಗರದ ಅತ್ತೆ: ಆಯ್ತಲ್ಲ! 12 ಹಾಡಿಗೂ ಹೀಗೇ ಹಾಕಿದ್ರೆ ಕರಪತ್ರ ಹೋಗಿ ಪಂಚಾಂಗ ಆಗತ್ತೆ. ನಿರೂಪಣೆ ಮಾಡೋರು ಮೈಕಲ್ಲಿ ಹೇಳಿದ್ರೆ ಸಾಲದಾ?

ತೀರ್ಥಹಳ್ಳಿ ದೊಡ್ಡಪ್ಪ: ಮೈಕಲ್ಲಿ ಹೇಳಿದ್ದು ಗಲಾಟೇಲಿ ಹೋಗತ್ತೆ. ಅಚ್ಚಲ್ಲಿರ್ಬೇಕು.

ಪುಟ್ಟ: ಜಾಗ ಇಲ್ಲ ದೊಡ್ಡಪ್ಪ, ಕೆಳಗೆ ಪೂರ್ತಿ ದಾನಿಗಳ ಫೋಟೋ.

ತೀರ್ಥಹಳ್ಳಿ ದೊಡ್ಡಪ್ಪ: ಆ ದಾನಿಗಳಲ್ಲಿ ನಾನೂ ಒಬ್ಬ. ನನ್ನ ಫೋಟೋ ತೆಗೆದು ಅಲ್ಲಿ ಹಾಕು.